ಏರಿನಲ್ಲಿ ಇಳಿಯದವನು

ಸ್ಟೆಂಟ್ ಹಾಕಿಸಿಕೊಂಡವರು ಸೈಕಲ್ ತುಳಿಯಬಹುದೇ ಎಂದು ಊರಿನಲ್ಲಿ ಕೆಲವರು ನನ್ನನ್ನು ಕೇಳುತ್ತಾರೆ. ತುಳಿಯಬಹುದು. ನಾನು ಕೆಟ್ಟದ್ದು ತುಳಿದದ್ದರಿಂದಲ್ಲ, ಇಳಿಯಬೇಕಾದ ಕಡೆ ಇಳಿಯದೆ ಹೋದದ್ದರಿಂದ.

ನನಗೆ ಆಂಜಿಯೋಪ್ಲಾಸ್ಟಿ ಆದದ್ದು ಜಿಲ್ಲೆಗೆ ಜಿಲ್ಲೆಯೇ ಎದೆ ಮುಟ್ಟಿ ನೋಡಿಕೊಳ್ಳುತ್ತಿದ್ದ ಕಾಲದಲ್ಲಿ. 2025ರ ಮೇ–ಜೂನ್‌ನಲ್ಲಿ, ಸುಮಾರು 40 ದಿನಗಳೊಳಗೆ ಹಾಸನ ಜಿಲ್ಲೆಯಲ್ಲಿ 20ಕ್ಕೂ ಹೆಚ್ಚು ಮಂದಿ ಹೃದಯಾಘಾತದಿಂದ ಸತ್ತರೆಂದು ದಿನವೂ ಸುದ್ದಿ. ಜಯದೇವ ಹೃದ್ರೋಗ ಸಂಸ್ಥೆಯ ಆಗಿನ ನಿರ್ದೇಶಕ ಡಾ. ಕೆ.ಎಸ್. ರವೀಂದ್ರನಾಥ್ ಅವರ ಸಮಿತಿ ಜುಲೈನಲ್ಲಿ ವರದಿ ಕೊಟ್ಟು, ಸಾವುಗಳು ಅಸಹಜವಾಗಿ ಹೆಚ್ಚಿಲ್ಲ ಎಂದಿತು. ಭಯಕ್ಕೆ ವರದಿ ಓದುವ ಅಭ್ಯಾಸವಿಲ್ಲ. 2021ರಲ್ಲಿ ನಟ ಪುನೀತ್ ರಾಜ್‌ಕುಮಾರ್ ತೀರಿಕೊಂಡಾಗಿನಿಂದ "ಅಷ್ಟು ವ್ಯಾಯಾಮ ಮಾಡೋರಿಗೇ ಹಿಂಗಾಯ್ತಲ್ಲ" ಎನ್ನುವ ಮಾತು ಬೇರೆ ಇತ್ತು. ನಾನು ಸೈಕಲ್ ಒರೆಸುವುದನ್ನು ಕಂಡು ನನ್ನ ಹೆಂಡತಿ ಮಾತೇ ಬಿಟ್ಟಳು.

ವೈದ್ಯರು ಮಾತ್ರ ಬೇಡ ಅನ್ನಲಿಲ್ಲ. ಹಿಂದೆಲ್ಲ ಹೃದಯಾಘಾತ ಆದವರನ್ನು ವಾರಗಟ್ಟಲೆ ಅಲುಗಾಡದಂತೆ ಮಲಗಿಸುತ್ತಿದ್ದರಂತೆ. ಬಾಸ್ಟನ್ನಿನ ವೈದ್ಯರಾದ ಸ್ಯಾಮುಯೆಲ್ ಲೆವಿನ್ ಮತ್ತು ಬರ್ನಾರ್ಡ್ ಲೌನ್ 1952ರಲ್ಲಿ, ರೋಗಿಯನ್ನು ಬೇಗ ಕುರ್ಚಿಯಲ್ಲಿ ಕೂರಿಸಿದರೆ ಒಳ್ಳೆಯದೆಂದು ಬರೆದರು. 1955ರಲ್ಲಿ ಅಮೆರಿಕದ ಅಧ್ಯಕ್ಷ ಐಸೆನ್‌ಹೋವರ್‌ಗೆ ಹೃದಯಾಘಾತವಾದಾಗ ನೋಡಿದ ವೈದ್ಯ ಪಾಲ್ ಡಡ್ಲಿ ವೈಟ್ ಸ್ವತಃ ಸೈಕಲ್ ಪ್ರೇಮಿ. ನನ್ನ ವೈದ್ಯರೂ ನನಗೆ ಎಕೋ, ಟ್ರೆಡ್‌ಮಿಲ್ ಪರೀಕ್ಷೆ ಎಲ್ಲ ಮುಗಿಸಿ, "ಸಮತಟ್ಟಾದ ಕಡೆ ನಿಧಾನಕ್ಕೆ ತುಳೀರಿ" ಎಂದರು. ಮನೆಗೆ ಬರುವಷ್ಟರಲ್ಲಿ ನನ್ನ ನೆನಪಿನಲ್ಲಿ ಉಳಿದಿದ್ದು "ತುಳೀರಿ" ಅಷ್ಟೇ. ನಮ್ಮೂರು ಗೆಂಡೆಹಳ್ಳಿಯ ಸುತ್ತ ಸಮತಟ್ಟಾದ ರಸ್ತೆ ಹುಡುಕಿದರೂ ಸಿಗುವುದು ಕಷ್ಟ. ಅರೆಮಲೆನಾಡಿನ ದಾರಿ, ಒಂದು ಇಳಿದರೆ ಇನ್ನೊಂದು ಏರು.

ಹುಡುಗರಾಗಿದ್ದಾಗ ಏರು ಬಂದರೆ ಎಲ್ಲರೂ ಸೈಕಲ್ ಇಳಿದು ತಳ್ಳುತ್ತಿದ್ದೆವು. ಹಾಲಿನ ಕ್ಯಾನು ಕಟ್ಟಿಕೊಂಡವರೂ ತಳ್ಳುತ್ತಿದ್ದರು, ಮೇಷ್ಟ್ರೂ ತಳ್ಳುತ್ತಿದ್ದರು. ಅದರಲ್ಲಿ ನಾಚಿಕೆಯೇನೂ ಇರಲಿಲ್ಲ. ಕಾಯಿಲೆ ಬಿದ್ದ ಮೇಲೆ ನೋಡಿ, ತಳ್ಳುವುದೆಂದರೆ ಸೋತೆ ಅಂತ ಊರಿಗೆ ಸಾರಿದ ಹಾಗೆ ಕಾಣತೊಡಗಿತು. ಒಂದು ಬೆಳಗ್ಗೆ ಬೇಲೂರಿನ ಕಡೆಯಿಂದ ವಾಪಸ್ ಬರುವಾಗ ಏರಿನ ಬುಡದಲ್ಲಿ ಬೈಕಿನ ಹುಡುಗನೊಬ್ಬ ನಿಧಾನ ಮಾಡಿ, "ಯಾಕಣ್ಣ, ಆಗ್ತಿಲ್ವಾ?" ಅಂದ. ಆಗುತ್ತೆ ಎಂದು ತೋರಿಸಲು ಸೀಟಿನಿಂದ ಎದ್ದು ತುಳಿದೆ.

ಕೈಯಲ್ಲಿ ಮಗಳು ಕೊಡಿಸಿದ ವಾಚು ನಾಡಿಮಿಡಿತ ತೋರಿಸುತ್ತಿತ್ತು, 110ರ ಆಸುಪಾಸು. 220ರಿಂದ ವಯಸ್ಸು ಕಳೆದರೆ ಬರುವುದೇ ಗರಿಷ್ಠ ಮಿಡಿತ ಎಂದು ಎಲ್ಲೋ ಓದಿದ್ದೆ. ನನಗೆ 58. ಅಂದರೆ 162ರವರೆಗೆ ಅವಕಾಶವಿದೆ ಎಂದು ಲೆಕ್ಕ ಹಾಕಿದೆ. ದಿನವೂ ನುಂಗುವ ಮೆಟೊಪ್ರೊಲಾಲ್ ಮಾತ್ರೆಯ ಕೆಲಸವೇ ಮಿಡಿತ ಏರದಂತೆ ಹಿಡಿದಿಡುವುದು ಎಂಬುದು ಆ ಲೆಕ್ಕದಲ್ಲಿ ಇರಲಿಲ್ಲ. ಹೃದಯ ಆಗಲೇ ಸುಸ್ತಾಗಿತ್ತು, ಅಂಕಿ ಮಾತ್ರ ಸಮಾಧಾನವಾಗಿತ್ತು.

ಏರಿನ ನೆತ್ತಿಯಲ್ಲಿ ಗೆದ್ದೆನೆಂದು ಗಕ್ಕನೆ ನಿಂತೆ. ಅದು ಎರಡನೆಯ ತಪ್ಪು. ಜೋರಾಗಿ ತುಳಿದ ಕಾಲಿನ ರಕ್ತನಾಳಗಳು ಹಿಗ್ಗಿರುತ್ತವೆ. ಹಠಾತ್ತನೆ ನಿಂತರೆ ರಕ್ತ ಕಾಲಿನಲ್ಲೇ ಉಳಿದು ಬಿ.ಪಿ. ಇಳಿಯುತ್ತದೆ. ಕಣ್ಣು ಕತ್ತಲೆ ಬಂದು ಸೈಕಲ್ ಸಮೇತ ಜಲ್ಲಿಯ ಮೇಲೆ ಬಿದ್ದೆ. ಮೊಣಕೈ ತರಚಿದ್ದು ಸಣ್ಣ ಗಾಯ. ಆದರೆ ಆಸ್ಪಿರಿನ್, ಕ್ಲೊಪಿಡೊಗ್ರೆಲ್ ಎರಡನ್ನೂ ತೆಗೆದುಕೊಳ್ಳುವವನ ರಕ್ತ ಬೇಗ ನಿಲ್ಲುವುದಿಲ್ಲ. ಹಾಗೆಂದು ಹೆದರಿ ಆ ಮಾತ್ರೆಗಳನ್ನು ನಾವಾಗಿ ನಿಲ್ಲಿಸುವಂತೆಯೂ ಇಲ್ಲ; ಸ್ಟೆಂಟಿನೊಳಗೇ ರಕ್ತ ಹೆಪ್ಪುಗಟ್ಟಬಹುದು. ನನ್ನನ್ನು ಎತ್ತಿ ಕೂರಿಸಿ, ಟವೆಲ್ ಒತ್ತಿ ಹಿಡಿದು ಆಸ್ಪತ್ರೆಗೆ ಕರೆದೊಯ್ದವನು ಅದೇ ಬೈಕಿನ ಹುಡುಗ. ಇ.ಸಿ.ಜಿ.ಯಲ್ಲಿ ಹೊಸದೇನೂ ಕಾಣಲಿಲ್ಲ. ನಡೆದದ್ದನ್ನು ಕೇಳಿದ ವೈದ್ಯರು, "ಹೃದಯ ಚೆನ್ನಾಗಿದೆ, ಯಜಮಾನ್ರೇ. ಜಂಬಕ್ಕೆ ನಮ್ಮಲ್ಲಿ ಸ್ಟೆಂಟ್ ಇಲ್ಲ" ಎಂದರು.

ಈಗ ಮತ್ತೆ ತುಳಿಯುತ್ತಿದ್ದೇನೆ, ಹೆಲ್ಮೆಟ್ ಹಾಕಿಕೊಂಡು. ಮೊದಲ ಹತ್ತು ನಿಮಿಷ ಮೈ ಬಿಸಿಯಾಗಲು, ಕೊನೆಯ ಹತ್ತು ನಿಮಿಷ ಆರಲು. ತಿಂಡಿ ತಿಂದ ಕೂಡಲೇ ಹೊರಡುವುದಿಲ್ಲ. ಕೊರೆಯುವ ಚಳಿಯಿದ್ದರೆ ಬಿಸಿಲು ಬರುವವರೆಗೆ ಕಾಯುತ್ತೇನೆ. ಎದೆ ಬಿಗಿದರೆ ಅಲ್ಲೇ ನಿಲ್ಲಬೇಕು, ನಾಲಿಗೆಯಡಿ ಇಡುವ ಮಾತ್ರೆ ಜೇಬಿನಲ್ಲಿರುತ್ತದೆ. ವಾಚನ್ನು ನೋಡುವುದು ಟೈಮಿಗೆ ಮಾತ್ರ. ಶ್ರಮದ ಅಳತೆಗೆ ವೈದ್ಯರು ಹೇಳಿಕೊಟ್ಟದ್ದು ಸುಲಭದ ದಾರಿ: ತುಳಿಯುತ್ತಾ ಪೂರ್ತಿ ವಾಕ್ಯ ಮಾತಾಡಲು ಆಗಬೇಕು. ಅದಕ್ಕೆ ಡೈರಿಗೆ ಹಾಲು ಹಾಕಲು ಹೋಗುವ ಪಕ್ಕದ ಮನೆಯವನನ್ನು ಜೊತೆ ಮಾಡಿಕೊಂಡಿದ್ದೇನೆ. ಏರಿನಲ್ಲಿ ನನ್ನ ಮಾತು ತುಂಡಾದರೆ ಅವನು ಏನೂ ಅನ್ನದೆ ತಾನೇ ಮೊದಲು ಇಳಿದು ತಳ್ಳುತ್ತಾನೆ. ಆಮೇಲೆ ನಾನು ಇಳಿಯಲು ಯಾವ ಧೈರ್ಯವೂ ಬೇಕಾಗುವುದಿಲ್ಲ.