ಹುಲ್ಲಹಳ್ಳಿಯ ನಾಲೆಯ ಏರಿಯ ಮೇಲೆ ಒಂದು ರಾತ್ರಿ

ನಂಜನಗೂಡಿಗೆ ಹೋಗಿ ಬಂದವರು ಮೈಸೂರಿನಲ್ಲಿ ಮನೆಮನೆಗೂ ಇದ್ದಾರೆ. ಅಲ್ಲಿಂದ ಮುಂದಕ್ಕೆ, ಹೊಳೆಯ ಬಗಲಿನಲ್ಲಿಯೇ ಪಶ್ಚಿಮಕ್ಕೆ ಸಾಗಿ ಹುಲ್ಲಹಳ್ಳಿಯನ್ನು ಕಂಡವರು ತೀರ ವಿರಳ. ಶ್ರೀಕಂಠೇಶ್ವರನ ದರ್ಶನ ಮುಗಿಸಿ, ಪೇಟೆಯಲ್ಲಿ ರಸಬಾಳೆ ಸಿಕ್ಕಿದರೆ ಒಂದು ಚಿಪ್ಪು ಕೊಂಡು (ಈಚೆಗೆ ಅದು ಸಿಕ್ಕುವುದೇ ಅಪರೂಪ), ಸಂಜೆಯ ವೇಳೆಗೆ ಊರಿಗೆ ಮರಳುವುದು ವಾಡಿಕೆ. ನಾನು ಕ್ರೈಸ್ತ ಮನೆತನದವನಾದರೂ ಆ ಗೋಪುರದ ನೆರಳಿನಲ್ಲಿ ಗೆಳೆಯರ ಚಪ್ಪಲಿಗಳನ್ನು ಕಾಯುತ್ತ ಎಷ್ಟೋ ಸಲ ಕುಳಿತಿದ್ದೇನೆ. ಆದರೆ ಹುಲ್ಲಹಳ್ಳಿಯ ಬಸ್ಸನ್ನು ಹತ್ತಿದ್ದು ಹೋದ ವರ್ಷದ ನವೆಂಬರ್ ಕೊನೆಯ ಶನಿವಾರವೇ ಮೊದಲು.

ಹೋದದ್ದಕ್ಕೆ ಕಾರಣವಿತ್ತು. ಡಿಸೆಂಬರ್ 31ರ ರಾತ್ರಿ ನಮ್ಮ ಸಭೆಗಳಲ್ಲಿ ಜಾಗರಣೆಯ ಆರಾಧನೆ ನಡೆಯುತ್ತದೆ. ಹಳೆಯ ವರ್ಷದ ಕಡೆಯ ಗಳಿಗೆಯನ್ನು ಪ್ರಾರ್ಥನೆಯಲ್ಲಿ ಕಳೆದು ಹೊಸ ವರ್ಷಕ್ಕೆ ಕಾಲಿಡುವುದು ಮೆಥಾಡಿಸ್ಟರಿಂದ ಬಂದ ಪದ್ಧತಿ. ಅಂದು ಎಚ್ಚರವಾಗಿರುವುದರ ವಿಷಯವಾಗಿ ಎರಡು ಮಾತು ಹೇಳಬೇಕೆಂದು ಸಭಾಪಾಲಕರು ಕೇಳಿದ್ದರು. ಒಪ್ಪಿಕೊಂಡೆ. ಒಪ್ಪಿಕೊಂಡ ಮೇಲೆ ನಿದ್ದೆ ಬರಲಿಲ್ಲ. ಆ ವಿಷಯವನ್ನು ಕುರಿತು ಮಾತನಾಡಲು ನನಗಿಂತ ಅನರ್ಹನಾದವನು ಸಭೆಯಲ್ಲಿ ಮತ್ತೊಬ್ಬನಿರಲಿಲ್ಲ. ಅದೇಕೆಂಬುದನ್ನು ಮುಂದೆ ಹೇಳುತ್ತೇನೆ. ಹುಲ್ಲಹಳ್ಳಿಯಲ್ಲಿ ಬೇಸಾಯ ಮಾಡಿಕೊಂಡಿರುವ ನನ್ನ ಬಾಲ್ಯದ ಸಹಪಾಠಿಯೊಬ್ಬನು ಬಹುಕಾಲದಿಂದ ಕರೆಯುತ್ತಿದ್ದನು. ಊರು ಬಿಟ್ಟು ಎರಡು ದಿನ ಇದ್ದರೆ ಮನಸ್ಸು ತಿಳಿಯಾದೀತೆಂದು ಹೊರಟೆ.

ನಂಜನಗೂಡಿನ ಬಳಿ ಕಪಿಲೆಯ ಹಳೆಯ ಸೇತುವೆಯನ್ನು ನೋಡದೆ ಮುಂದೆ ಹೋಗಲು ನನಗೆ ಮನಸ್ಸಾಗುವುದಿಲ್ಲ. 1735ರಲ್ಲಿ, ದಳವಾಯಿಗಳ ಕಾಲದಲ್ಲಿ ಕಟ್ಟಿದ ಕಲ್ಲಿನ ಕಮಾನುಗಳವು. 1891ರಲ್ಲಿ ಮೈಸೂರಿನಿಂದ ರೈಲು ಬಂದಾಗ ಗಾಡಿರಸ್ತೆಯ ಪಕ್ಕದಲ್ಲಿಯೇ ಹಳಿಯನ್ನೂ ಆ ಸೇತುವೆ ಹೊತ್ತಿತು. ಚಿಕ್ಕಂದಿನಲ್ಲಿ ಮೀಟರ್ ಗೇಜಿನ ಗಾಡಿಯ ಕಿಟಕಿಯಲ್ಲಿ ತಲೆಯಿಟ್ಟು, ಪಕ್ಕದಲ್ಲಿ ಹೋಗುವ ಎತ್ತುಗಳ ಕೊಂಬು ಕೈಗೆ ಎಟುಕೀತೇ ಎಂದು ನೋಡುತ್ತಿದ್ದುದು ನೆನಪಿದೆ. ಈಗ ರೈಲಿಗೆ ಬೇರೆ ಸೇತುವೆ. ಹಳೆಯದು ಸ್ಮಾರಕವಾಗಿ ವಿಶ್ರಮಿಸುತ್ತಿದೆ.

ಮುಂದಿನ ಹಾದಿಯಲ್ಲಿ ಗದ್ದೆ, ತೆಂಗು, ಬಾಳೆ, ಅಲ್ಲೊಂದು ಇಲ್ಲೊಂದು ಹೆಂಚಿನ ಮನೆ. ಹುಲ್ಲಹಳ್ಳಿ ಸೇರಿದಾಗ ಮಧ್ಯಾಹ್ನ. ಅಂಗಡಿಸಾಲು, ಬಸ್ಸಿಗೆ ಕಾಯುವ ವಿದ್ಯಾರ್ಥಿಗಳು, ಹೋಟೆಲಿನ ಹೊಗೆ. ಯಾವ ಹೋಬಳಿಯ ಊರಿನಲ್ಲಿಯೂ ಕಾಣುವ ನೋಟವೇ ಇಲ್ಲಿಯೂ. ಊರಿನ ನಿಜವಾದ ಸಂಪತ್ತು ಹೊಳೆಯ ಕಡೆಗಿದೆ. ಕಪಿಲೆಗೆ ಅಡ್ಡಲಾಗಿ ಇಲ್ಲೊಂದು ಹಳೆಯ ಅಣೆಯಿದೆ. ನೀರು ಅದರ ಬೆನ್ನಿನ ಮೇಲೆ ಹಾಸಿದ ಸೀರೆಯಂತೆ ಇಳಿಯುತ್ತದೆ. ಹುಲ್ಲಹಳ್ಳಿ ನಾಲೆ, ರಾಂಪುರ ನಾಲೆಗಳು ಇಲ್ಲಿಯ ನೀರನ್ನೇ ಹೊತ್ತು ಸಾಗುತ್ತವೆ. ಉಳಿದ ನೀರು ನಂಜನಗೂಡನ್ನು ಹಾಯ್ದು ತಿರುಮಕೂಡಲಿನಲ್ಲಿ ಕಾವೇರಿಯನ್ನು ಸೇರುತ್ತದೆ.

ಈ ಹೊಳೆಯ ದಂಡೆಯವರಿಗೆ ಎಚ್ಚರವೆಂಬುದು ಗ್ರಂಥದ ಮಾತಲ್ಲ. 1974ರಲ್ಲಿ ಮೇಲ್ಗಡೆ ಹೆಗ್ಗಡದೇವನಕೋಟೆಯ ಸೀಮೆಯಲ್ಲಿ ಕಬಿನಿ ಜಲಾಶಯ ಮುಗಿದ ಮೇಲೆ ಹೊಳೆ ಸಾಧುವಾಯಿತೆಂದು ಜನ ನಂಬಿದರು. ಆದರೆ ವೈನಾಡಿನಲ್ಲಿ ಮಳೆ ಸುರಿದು ಜಲಾಶಯ ತುಂಬಿದರೆ ಬಾಗಿಲು ತೆರೆಯದೆ ಗತಿಯಿಲ್ಲ. 2018ರಲ್ಲಿಯೂ 2019ರಲ್ಲಿಯೂ ಆಗಸ್ಟಿನ ಪ್ರವಾಹಕ್ಕೆ ನಂಜನಗೂಡಿನ ಹೆದ್ದಾರಿಯೇ ಮುಳುಗಿತು. "ಆ ದಿನಗಳಲ್ಲಿ ನಾವು ಮಲಗಿದ್ದೆವು, ಆದರೆ ಕಿವಿ ಮಲಗಿರಲಿಲ್ಲ" ಎಂದನು ಗೆಳೆಯ. ನಾನು ಜೇಬಿನಿಂದ ಕಾಗದ ತೆಗೆದು ಆ ಮಾತನ್ನು ಬರೆದುಕೊಳ್ಳಹೋದೆ. ಅವನು ನಕ್ಕು, "ಬರೆದುಕೊಳ್ಳಬೇಡ. ಈ ರಾತ್ರಿ ನಮ್ಮ ಗದ್ದೆಗೆ ನೀರಿನ ಸರದಿ. ಜೊತೆಯಲ್ಲಿ ಬಾ" ಎಂದನು.

ಊಟವಾದ ಮೇಲೆ ಇಬ್ಬರೂ ಕಂಬಳಿ ಹೊದ್ದು ಹೊರಟೆವು. ಬತ್ತಕ್ಕೆ ಹಾಲು ತುಂಬುವ ಕಾಲ. ಈಗ ನೀರು ತಪ್ಪಿದರೆ ತೆನೆಯಲ್ಲಿ ಜೊಳ್ಳು ನಿಲ್ಲುತ್ತದೆ. ಆರು ತಿಂಗಳ ದುಡಿಮೆ ಒಂದು ವಾರದ ಅಲಕ್ಷ್ಯಕ್ಕೆ ಹೋಗುತ್ತದೆ. ನಾಲೆಯ ಮೇಲ್ಭಾಗದವರಿಗೆ ನೀರು ಕೇಳದೆಯೇ ಬರುತ್ತದೆ. ಕೊನೆಯಲ್ಲಿರುವ ಗದ್ದೆಗಳಿಗೆ ಮೇಲಿನವರು ಮಡೆ ಮುಚ್ಚಿದರೆ ಉಂಟು, ಇಲ್ಲದಿದ್ದರೆ ಇಲ್ಲ. ಗೆಳೆಯನ ಗದ್ದೆ ಕೊನೆಯ ಭಾಗದ್ದು.

ಏರಿಯ ಮೇಲೆ ನಮಗಾಗಿ ಒಬ್ಬ ಮುದುಕ ಕಾಯುತ್ತಿದ್ದನು. ನಮ್ಮ ಸೀಮೆಯ ಕೆರೆ ನಾಲೆಗಳಲ್ಲಿ ನೀರನ್ನು ಹಂಚುವ ಹೊಣೆ ಹಿಂದೆ ನೀರುಗಂಟಿಯದು. ಯಾರಿಗೆ ಎಷ್ಟು ಹೊತ್ತು, ಯಾವ ತೂಬನ್ನು ಎಷ್ಟು ಎತ್ತಬೇಕು ಎಂಬುದೆಲ್ಲ ಅವನ ಲೆಕ್ಕ. ಸುಗ್ಗಿಯಲ್ಲಿ ಕಣದಿಂದ ಅವನ ಪಾಲು ಅವನಿಗೆ ಸಲ್ಲುತ್ತಿತ್ತು. ಆ ಕಸುಬು ಈಗ ಬಹಳ ಕಡೆ ಮರೆಯಾಗಿದೆ. ಈ ಮುದುಕ ಅಂಥ ಮನೆತನದವನು. ಕೈಯಲ್ಲಿ ಗುದ್ದಲಿ, ಟಾರ್ಚು, ತಲೆಗೆ ಸುತ್ತಿದ ಟವಲು.

ನಾವು ನಡೆದದ್ದು ಒಂದು ಮೈಲಿಯಿರಬಹುದು; ಹಿಡಿದದ್ದು ಎರಡು ಗಂಟೆ. ಐದು ಹೆಜ್ಜೆಗೊಮ್ಮೆ ಮುದುಕ ನಿಲ್ಲುತ್ತಿದ್ದನು. ಬೆಳಕು ಬಿಡುವುದಕ್ಕಿಂತ ಮೊದಲು ಕಿವಿಗೊಡುತ್ತಿದ್ದನು. ಒಂದು ಕಡೆ ಏರಿಯ ಹೊರಮೈಯಲ್ಲಿ ನೀರು ಒಸರುತ್ತಿತ್ತು. ನಾನು ಗಾಬರಿಯಿಂದ ತೋರಿಸಿದೆ. ಅವನು ಅಂಗೈಯಲ್ಲಿ ನೀರು ಹಿಡಿದು ಬೆಳಕಿಗೆ ಒಡ್ಡಿ, "ಇದು ತಿಳಿ ನೀರು, ಸ್ವಾಮಿ. ಭಯ ಇಲ್ಲ" ಎಂದು ಮುಂದೆ ನಡೆದನು. ಇನ್ನೂ ನೂರು ಮಾರು ಆಚೆ ಅದಕ್ಕಿಂತ ಚಿಕ್ಕದಾದ ಮತ್ತೊಂದು ಒಸರು. ನನ್ನ ಕಣ್ಣಿಗೆ ಬೀಳಲೇ ಇಲ್ಲ. ಅಲ್ಲಿ ಅವನು ಕುಳಿತುಬಿಟ್ಟನು. ನೀರು ರಾಡಿಯಾಗಿತ್ತು. ಏಡಿ ತೋಡಿದ ಬಿಲದೊಳಗೆ ನೀರು ಹೊಕ್ಕು ಮಣ್ಣನ್ನು ಒಳಗಿಂದೊಳಗೆ ತಿನ್ನುತ್ತಿತ್ತು. ತಿಳಿ ನೀರು ಬಂದರೆ ಏರಿ ಬೆವರುತ್ತಿದೆ ಎಂದರ್ಥ, ರಾಡಿ ಬಂದರೆ ಏರಿ ಕರಗುತ್ತಿದೆ ಎಂದರ್ಥವಂತೆ. ಒಳಮೈಯಲ್ಲಿ ಬಿಲದ ಬಾಯನ್ನು ಹುಡುಕಿ, ಹುಲ್ಲು ಮಣ್ಣುಗಳನ್ನು ತುರುಕಿ ತುಳಿಯುವಷ್ಟರಲ್ಲಿ ಅರ್ಧ ಗಂಟೆ ಕಳೆಯಿತು. ಬೆಳಗಿನವರೆಗೆ ಬಿಟ್ಟಿದ್ದರೆ ಏನಾಗುತ್ತಿತ್ತೆಂದು ಕೇಳಿದೆ. ಅವನು ಉತ್ತರ ಹೇಳದೆ ಕೆಳಗಿನ ಗದ್ದೆಗಳ ಕಡೆ ಒಮ್ಮೆ ಟಾರ್ಚು ಬಿಟ್ಟನು.

"ನಿದ್ದೆ ಬರೋದಿಲ್ವೆ ನಿನಗೆ?"

"ಬರದೆ ಏನು, ಸ್ವಾಮಿ? ಕುಂತ್ರೆ ಬರ್ತದೆ. ಅದಕ್ಕೇ ಕೂರೋದಿಲ್ಲ."

ಆಮೇಲೆ ಗೆಳೆಯನ ಗದ್ದೆಯ ಮಡೆಯ ಬಳಿ ನಿಂತು ನೀರು ಹಾಯುವ ಸದ್ದನ್ನು ಕೇಳುತ್ತಿರುವಾಗ ಅನೇಕ ಸಂಗತಿಗಳು ಒಂದರ ಮೇಲೊಂದು ನೆನಪಾದವು. 1727ರಲ್ಲಿ ಜರ್ಮನಿಯ ಹೆರ್ನ್‌ಹುಟ್ ಎಂಬ ಹಳ್ಳಿಯಲ್ಲಿ, ನಿರಾಶ್ರಿತರಾಗಿ ಬಂದು ನೆಲೆಸಿದ್ದ ಮೊರೇವಿಯನ್ ಕ್ರೈಸ್ತರು ಪ್ರಾರ್ಥನೆಯ ಸರದಿಯನ್ನು ಏರ್ಪಡಿಸಿದರು. ಇಪ್ಪತ್ತನಾಲ್ಕು ಗಂಡಸರು, ಇಪ್ಪತ್ತನಾಲ್ಕು ಹೆಂಗಸರು, ಒಬ್ಬೊಬ್ಬರಿಗೆ ಒಂದೊಂದು ಗಂಟೆ, ಹಗಲಿರುಳು ಬಿಡುವಿಲ್ಲ. ಆ ಸರದಿ ನೂರು ವರ್ಷ ನಡೆಯಿತು. ನೀರಿನ ಸರದಿಯಂತೆಯೇ ಅದೂ ಇದ್ದಿರಬೇಕು. ಒಬ್ಬನು ತೂಗಡಿಸಿದರೆ ನಷ್ಟ ಅವನೊಬ್ಬನದಲ್ಲ. ಅವರಿಂದ ಬಹಳ ಕಲಿತವನು ಜಾನ್ ವೆಸ್ಲಿ. ಬ್ರಿಸ್ಟಲ್ ಬಳಿಯ ಕಿಂಗ್ಸ್‌ವುಡ್ಡಿನ ಕಲ್ಲಿದ್ದಲ ಗಣಿಯವರು ಹಿಂದೆ ಹೆಂಡದಂಗಡಿಯಲ್ಲಿ ರಾತ್ರಿ ಕಳೆಯುತ್ತಿದ್ದವರು. ಮನಸ್ಸು ತಿರುಗಿದ ಮೇಲೆ ಅವರು ಅದೇ ರಾತ್ರಿಗಳನ್ನು ಪ್ರಾರ್ಥನೆಯಲ್ಲಿ ಕಳೆಯತೊಡಗಿದರು. ಇದನ್ನು ನಿಲ್ಲಿಸಬೇಕೆಂದು ಕೆಲವರು ವೆಸ್ಲಿಗೆ ಸಲಹೆ ಕೊಟ್ಟರು. ಅವನು ನಿಲ್ಲಿಸಲಿಲ್ಲ, 1742ರಲ್ಲಿ ಲಂಡನ್ನಿನಲ್ಲಿಯೂ ಆರಂಭಿಸಿದನು. ಹುಣ್ಣಿಮೆಗೆ ಹತ್ತಿರದ ಶುಕ್ರವಾರವನ್ನು ಗೊತ್ತುಮಾಡಿದನು, ದೂರದವರು ಬೆಳುದಿಂಗಳಿನಲ್ಲಿ ಮನೆ ಸೇರಲೆಂದು. ವೆಸ್ಲಿಯನ್ ಮಿಶನರಿಗಳೊಡನೆ ಆ ಪದ್ಧತಿ ಕಡಲು ದಾಟಿ ಮೈಸೂರಿಗೂ ಬಂದಿತು. 1947ರಲ್ಲಿ ದಕ್ಷಿಣ ಭಾರತ ಸಭೆ ಏರ್ಪಟ್ಟ ಮೇಲೂ ಉಳಿದುಕೊಂಡಿತು. ಶಿವರಾತ್ರಿಯ ಜಾಗರಣೆಯನ್ನು ತಲೆಮಾರುಗಳಿಂದ ಆಚರಿಸಿದ ಈ ನಾಡಿನಲ್ಲಿ ಅದನ್ನು ಯಾರೂ ಪರಕೀಯವೆಂದು ಎಣಿಸಿರಲಾರರು. ಶಿವರಾತ್ರಿಯಲ್ಲಿ ಎಚ್ಚರವಾಗಿರಲು ಸಿನಿಮಾ ನೋಡುವವರಿದ್ದಾರೆ. ನಮ್ಮಲ್ಲಿ ಹನ್ನೆರಡು ಹೊಡೆಯುವುದಕ್ಕೆ ಹತ್ತು ನಿಮಿಷವಿರುವಾಗ ಬಂದು ಕೇಕು ತಿಂದು ಹೋಗುವವರಿದ್ದಾರೆ. ಇದರಲ್ಲಿ ಯಾರೂ ಯಾರನ್ನೂ ಹಾಸ್ಯ ಮಾಡುವಂತಿಲ್ಲ.

ಅಬ್ಬೆ ದುಬಾಯಿಯ ನೆನಪೂ ಬಂದಿತು. ಶ್ರೀರಂಗಪಟ್ಟಣ ಬಿದ್ದ ಮೇಲೆ ಮೈಸೂರು ಸೀಮೆಯ ಕ್ರೈಸ್ತರ ಮಧ್ಯೆ ಎರಡು ದಶಕಗಳಿಗೂ ಮಿಕ್ಕಿ ದುಡಿದ ಫ್ರೆಂಚ್ ಪಾದ್ರಿ ಆತ. ದೇಶೀಯ ಉಡುಪು, ಸಸ್ಯಾಹಾರ. ಸಿಡುಬಿಗೆ ದಾಕು ಹಾಕಿಸುವುದರಲ್ಲಿ ಎಲ್ಲರಿಗಿಂತ ಮುಂದು. ಆದರೆ 1823ರಲ್ಲಿ ದೇಶ ಬಿಟ್ಟು ಹೋದಾಗ ಆತ ಪ್ರಕಟಿಸಿದ ಪತ್ರಗಳಲ್ಲಿ ಈ ಕೆಲಸದಿಂದ ಫಲವಿಲ್ಲವೆಂಬ ಹತಾಶೆಯೇ ತುಂಬಿತ್ತು. ನನಗೆ ಆ ಮನುಷ್ಯನ ಮೇಲೆ ಹಿಂದೆ ಕೋಪವಿತ್ತು. ಈಗಿಲ್ಲ. ಅಷ್ಟು ವರ್ಷ ಏರಿಯ ಮೇಲೆ ನಡೆದು ದಣಿದವನು ತನ್ನ ದಣಿವನ್ನು ಬಚ್ಚಿಡಲಿಲ್ಲ. ನಡೆಯದೆಯೇ ದಣಿದ ನನ್ನಂಥವರು ಅವನ ಮೇಲೆ ತೀರ್ಪು ಹೇಳುವುದು ಹೇಗೆ?

ನನ್ನ ತಂದೆ ಶಾಲೆಯ ಉಪಾಧ್ಯಾಯರು. ಮಲಗುವ ಮುನ್ನ ದೀಪ ಚಿಕ್ಕದು ಮಾಡಿ ಹತ್ತು ನಿಮಿಷ ಸುಮ್ಮನೆ ಕೂರುವರು. ಅಂದು ಯಾರ ಮೇಲೆ ಸಿಟ್ಟಾದೆ, ಯಾರಿಗೆ ಏನು ಬಾಕಿ ಉಳಿಸಿದೆ, ಯಾವ ಸುಳ್ಳು ಆಡಿದೆ ಎಂಬ ಮೂರೇ ಪ್ರಶ್ನೆ. ನಾನೂ ಯೌವನದಲ್ಲಿ ಆ ಅಭ್ಯಾಸವನ್ನು ಹಿಡಿದಿದ್ದೆ. ಯಾವಾಗ ಬಿಟ್ಟಿತೆಂದು ಹೇಳಲಾರೆ. ಬಿಡುವ ನಿರ್ಧಾರವನ್ನು ನಾನು ಮಾಡಲೇ ಇಲ್ಲ. ಒಂದು ರಾತ್ರಿ ಕಛೇರಿಯ ಕಾಗದಗಳಿದ್ದವು; ಒಂದು ರಾತ್ರಿ ತಲೆನೋವು; ಆಮೇಲೆ ದೂರದರ್ಶನ ಬಂದಿತು. ಭಾನುವಾರದ ಆರಾಧನೆ ತಪ್ಪಲಿಲ್ಲ, ಕಾಣಿಕೆ ತಪ್ಪಲಿಲ್ಲ. ಹೊರಗಿನಿಂದ ನೋಡಿದವರಿಗೆ ಏರಿ ಭದ್ರವಾಗಿಯೇ ಇತ್ತು.

ತಂದೆಯ ಕೊನೆಯ ದಿನಗಳಲ್ಲಿ ಆಸ್ಪತ್ರೆಯಲ್ಲಿ ರಾತ್ರಿ ಅವರ ಬಳಿ ಇರುವ ಸರದಿ ನನ್ನದಾಗಿತ್ತು. "ನೀವು ನಿದ್ದೆ ಮಾಡಿ, ನಾನು ಎಚ್ಚರವಾಗಿರುತ್ತೇನೆ" ಎಂದು ಹೇಳಿದ್ದೆ. ಕುರ್ಚಿಯಲ್ಲಿ ಕುಳಿತವನು ಕಣ್ಣು ತೆರೆದಾಗ ಕಿಟಕಿ ಬೆಳ್ಳಗಾಗಿತ್ತು. ಪಕ್ಕದ ಹಾಸಿಗೆಯ ರೋಗಿಯನ್ನು ನೋಡಿಕೊಳ್ಳುತ್ತಿದ್ದ ಹೆಂಗಸು ಹೇಳಿದಳು: ನಡುರಾತ್ರಿ ಅವರು ನನ್ನನ್ನು ಎರಡು ಸಲ ಕರೆದರಂತೆ. ಮೂರನೆಯ ಸಲ ಕರೆಯದೆ ಅವಳ ಕಡೆ ತಿರುಗಿ ನೀರು ಬೇಕೆಂದು ಸನ್ನೆ ಮಾಡಿದರಂತೆ. ಅವಳು ಕುಡಿಸಿದಳು. ನನ್ನನ್ನು ಎಬ್ಬಿಸಲೇ ಎಂದು ಕೇಳಿದಾಗ ಬೇಡವೆಂದರಂತೆ, ಮಗನಿಗೆ ದಣಿವಾಗಿದೆಯೆಂದು. ಮರುದಿನದಿಂದ ಅವರಿಗೆ ಮಾತು ಹೋಯಿತು. ಮೂರನೆಯ ದಿನ ತೀರಿಕೊಂಡರು.

ಗೆತ್ಸೆಮನೆಯ ತೋಟದ ಕಥೆಯನ್ನು ಓದುವಾಗಲೆಲ್ಲ ನಾನು ಆ ಕುರ್ಚಿಗೆ ಹಿಂತಿರುಗುತ್ತೇನೆ. ಕರ್ತನು ಎಚ್ಚರವಾಗಿರಲು ಕೇಳಿಕೊಂಡದ್ದು ಶತ್ರುಗಳನ್ನಲ್ಲ, ಮೂವರು ಆಪ್ತರನ್ನು. ಮೂರು ಸಲ ಬಂದು ನೋಡಿದಾಗಲೂ ಅವರು ನಿದ್ರಿಸುತ್ತಿದ್ದರು. ದುಃಖದಿಂದ ನಿದ್ರಿಸಿದರೆಂದು ಲೂಕನು ಬರೆಯುತ್ತಾನೆ. ವೈದ್ಯನಾದ್ದರಿಂದ ಅವನಿಗೆ ಕರುಣೆ ಹೆಚ್ಚೇನೋ.

ಇದನ್ನೆಲ್ಲ ಆ ರಾತ್ರಿ ಗೆಳೆಯನಿಗೆ ಹೇಳಿದೆ. ಇಪ್ಪತ್ತು ವರ್ಷದಲ್ಲಿ ಯಾರಿಗೂ ಹೇಳಿರಲಿಲ್ಲ, ಹೆಂಡತಿಗೂ ಪೂರ್ತಿ ಹೇಳಿರಲಿಲ್ಲ. ಅವನು ಸಮಾಧಾನದ ಮಾತೇನೂ ಆಡಲಿಲ್ಲ. ಮಡೆಯ ಕಡೆ ನೋಡಿಕೊಂಡು, "ಆ ಹೆಂಗಸು ಯಾರು?" ಎಂದು ಕೇಳಿದನು. ನನಗೆ ಗೊತ್ತಿರಲಿಲ್ಲ. ಹೆಸರನ್ನು ಸಹ ಕೇಳಿರಲಿಲ್ಲ. ನಾನು ನಿದ್ರಿಸಿದ್ದನ್ನೇ ಇಷ್ಟು ವರ್ಷ ನೆನೆದು ಕೊರಗಿದವನು, ಎಚ್ಚರವಾಗಿದ್ದವಳನ್ನು ಒಮ್ಮೆಯೂ ನೆನೆಯಲಿಲ್ಲ.

ಮುದುಕ ಅಷ್ಟರಲ್ಲಿ ಮೇಲಿನಿಂದ ಬಂದನು. ಯಾರೋ ಒಂದು ಮಡೆ ತೆರೆದಿದ್ದರಂತೆ, ಮುಚ್ಚಿ ಬಂದಿದ್ದನು. ಯಾರೆಂದು ಗೊತ್ತೇ ಎಂದರೆ, "ಗೊತ್ತು. ಅವರ ಬತ್ತಕ್ಕೂ ನೀರು ಬೇಕಲ್ಲ" ಎಂದಷ್ಟೇ ಹೇಳಿ ಬೀಡಿ ಹಚ್ಚಿದನು.

ಮೂರು ಗಂಟೆಯ ಮೇಲೆ ಹೊಳೆಯಿಂದ ಮಂಜು ಎದ್ದಿತು. ಗದ್ದೆಯಲ್ಲಿ ನೀರು ತುಂಬಿದ್ದು ಕಾಣಲಿಲ್ಲ. ಮಡೆಯ ಸದ್ದು ತಗ್ಗಿದ್ದರಿಂದ ತಿಳಿಯಿತು. ಮನೆಗೆ ಹಿಂದಿರುಗಿದಾಗ ಗೆಳೆಯನ ಹೆಂಡತಿ ಒಲೆ ಹಚ್ಚಿದ್ದಳು. ಅಂದು ಕ್ರಿಸ್ಮಸ್ಸಿಗೆ ಮುಂಚಿನ ಆಗಮನ ಕಾಲದ ಮೊದಲ ಭಾನುವಾರ. ಮೈಸೂರಿನ ಆರಾಧನೆಗೆ ತಲಪಬೇಕೆಂದು ಬೆಳಗಿನ ಮೊದಲ ಬಸ್ಸನ್ನೇ ಹಿಡಿದೆ. ಕಿಟಕಿಯ ಬದಿಯಲ್ಲಿ ಕುಳಿತು ಸಭೆಯಲ್ಲಿ ಆಡಬೇಕಾದ ಮಾತುಗಳ ಕಾಗದವನ್ನು ತೆಗೆದೆ. ಊರಿನಿಂದ ಬರುವಾಗ ಬರೆದುಕೊಂಡಿದ್ದ ನಾಲ್ಕು ಸೊಗಸಾದ ಸಾಲುಗಳನ್ನು ಹೊಡೆದುಹಾಕಿ, ಅವುಗಳ ಕೆಳಗೆ "ಪಕ್ಕದ ಹಾಸಿಗೆಯ ಹೆಂಗಸು" ಎಂದು ಬರೆದೆ. ಅದರ ಮುಂದೆ ಏನು ಬರೆಯಬೇಕೆಂದು ಯೋಚಿಸುತ್ತಿದ್ದುದು ಮಾತ್ರ ನೆನಪು. ಮೈಸೂರಿನ ನಿಲ್ದಾಣದಲ್ಲಿ ಬಸ್ಸು ಬರಿದಾದ ಮೇಲೆ ಕಂಡಕ್ಟರು ಭುಜ ಮುಟ್ಟಿ ಎಬ್ಬಿಸಿದನು. ಕಾಗದ ಕೆಳಗೆ ಬಿದ್ದಿತ್ತು. ಅವನೇ ಎತ್ತಿ ಕೊಟ್ಟನು.