ಕೆಂಪು ಗುಂಡಿ ಒತ್ತಿದವನೇ ಹೀರೋ!

ನಮ್ಮ ಸಿನಿಮಾಗಳಲ್ಲಿ ರಿಮೋಟ್ ಅಂದರೆ ಅದು ಖಳನಾಯಕನ ಸೊತ್ತು. ಕಪ್ಪು ಕನ್ನಡಕ ಹಾಕಿಕೊಂಡು, ಗಹಗಹಿಸಿ ನಕ್ಕು ಗುಂಡಿ ಒತ್ತುತ್ತಾನೆ. ಅಲ್ಲೆಲ್ಲೋ ಸೇತುವೆ ಢಮಾರ್! ಗಾಂಧಿ ಕ್ಲಾಸಿನಲ್ಲಿ ಕೂತು ಇಂಥ ದೃಶ್ಯಗಳಿಗೆ ನಾನೂ ಶಿಳ್ಳೆ ಹೊಡೆದವನೇ. ಆದರೆ ಗೆಳೆಯರೇ, ನನಗೆ ಮೆಚ್ಚುಗೆಯಾದ ರಿಮೋಟೇ ಬೇರೆ. ಅದು ಓಡಿಸುವುದು ಆಟದ ರೈಲನ್ನು. ಅದರ ಹಿಂದೆ ಇರುವವನು ಒಬ್ಬ ಹಾಡುಗಾರ!

ನೀಲ್ ಯಂಗ್ ಹೆಸರು ಕೇಳಿದ್ದೀರಾ? 1945ರಲ್ಲಿ ಕೆನಡಾದಲ್ಲಿ ಹುಟ್ಟಿ, ಅಮೆರಿಕಕ್ಕೆ ಹೋಗಿ ಗಿಟಾರ್ ಹಿಡಿದು ಹೆಸರು ಮಾಡಿದವನು. ಇಂಗ್ಲಿಷ್ ಪಿಕ್ಚರ್ ಹುಚ್ಚಿರುವವರು 1995ರ 'ಡೆಡ್ ಮ್ಯಾನ್' ನೋಡಿರಬಹುದು. ಶುರುವಿನಲ್ಲೇ ಜಾನಿ ಡೆಪ್ ರೈಲಿನಲ್ಲಿ ಕೂತು ಹೋಗುತ್ತಲೇ ಇರುತ್ತಾನಲ್ಲ, ಆ ಚಿತ್ರ. ಅದರ ಸಂಗೀತ ಈ ಪುಣ್ಯಾತ್ಮನದೇ. ಓಡುತ್ತಿರುವ ಚಿತ್ರ ನೋಡುತ್ತ ನೋಡುತ್ತಲೇ ಗಿಟಾರ್ ಮೀಟಿದ.

1978ರಲ್ಲಿ ಅವನಿಗೊಬ್ಬ ಮಗ ಹುಟ್ಟಿದ. ಹುಡುಗನಿಗೆ ಸೆರೆಬ್ರಲ್ ಪಾಲ್ಸಿ. ಕೈಕಾಲು ಹಿಡಿತಕ್ಕೆ ಬಾರದು, ಮಾತೂ ಇಲ್ಲ. ಅಪ್ಪನಿಗೋ ಚಿಕ್ಕಂದಿನಿಂದ ಆಟದ ರೈಲಿನ ಗೀಳು. ಕ್ಯಾಲಿಫೋರ್ನಿಯಾದ ತೋಟದ ಮನೆಯಲ್ಲಿ ಮಗನಿಗಾಗಿ ಉದ್ದಾನುದ್ದ ಹಳಿ ಹಾಸಿದ. ಆದರೆ ನೋಡುವುದು ಬೇರೆ, ಓಡಿಸುವುದು ಬೇರೆ. ಅದಕ್ಕೇ ದೊಡ್ಡದೊಂದು ಕೆಂಪು ಗುಂಡಿ ಮಾಡಿಸಿದ. ಅದನ್ನು ಒತ್ತಿದರೆ ಸಾಕು, ರೈಲು ಮಗನ ಮಾತು ಕೇಳುತ್ತಿತ್ತು!

ಆ ಗೀಳು ಅಲ್ಲಿಗೇ ನಿಲ್ಲಲಿಲ್ಲ. 1900ರಲ್ಲಿ ನ್ಯೂಯಾರ್ಕಿನಲ್ಲಿ ಶುರುವಾದ ಲಯನೆಲ್ ಎಂಬ ಆಟದ ರೈಲಿನ ಕಂಪನಿಯ ಜತೆ ಸೇರಿ, 1990ರ ದಶಕದಲ್ಲಿ ವೈರಿಲ್ಲದ ರಿಮೋಟ್ ತಂದ. 1995ರಲ್ಲಿ ಕಂಪನಿಯ ಪಾಲುದಾರನೂ ಆದ. ಮೊದಲೆಲ್ಲ ಹಳಿಗೆ ಹರಿಯುವ ಕರೆಂಟನ್ನೇ ಹೆಚ್ಚು ಕಡಿಮೆ ಮಾಡಬೇಕಿತ್ತು. ಒಂದೇ ಹಳಿಯ ಮೇಲೆ ಎರಡು ಇಂಜಿನ್ ಇಟ್ಟರೆ ಎರಡೂ ಒಟ್ಟಿಗೇ ಓಟ! ಹೊಸ ಪದ್ಧತಿಯಲ್ಲಿ ಹಳಿಯ ಕರೆಂಟು ಒಂದೇ ಸಮ. ಪ್ರತಿ ಇಂಜಿನ್ನಿಗೂ ಒಂದು ನಂಬರು. ಕೈಯಲ್ಲಿರುವ ರಿಮೋಟಿನಿಂದ ರೇಡಿಯೋ ಅಲೆ ಒಂದು ಪೆಟ್ಟಿಗೆಗೆ, ಪೆಟ್ಟಿಗೆಯಿಂದ ಹಳಿಗೆ, ಹಳಿಯಿಂದ ಇಂಜಿನ್ನಿಗೆ. ಕರೆದ ನಂಬರಿನದು ಮಾತ್ರ ಹೊರಡುತ್ತದೆ, ಉಳಿದವು ಗಪ್‌ಚಿಪ್.

ಇದೆಲ್ಲ ನನಗ್ಯಾಕೆ ಇಷ್ಟು ಹತ್ತಿರ ಅಂತೀರಾ? ನಮ್ಮಕ್ಕನ ಮಗ ಪುಟ್ಟನದೂ ಅದೇ ಕಾಯಿಲೆ. ಹತ್ತು ವರ್ಷ, ತೊದಲು ಮಾತು, ಬೆರಳುಗಳು ಸದಾ ಮಡಚಿಕೊಂಡಿರುತ್ತವೆ. ಜಾತ್ರೆಯಲ್ಲಿ ತಂದ ರೈಲಿಗೆ ರಿಮೋಟೇನೋ ಇತ್ತು, ಗುಂಡಿಗಳು ಕಡಲೆಕಾಳಿನಷ್ಟು. ನಾನು ಒತ್ತಿ ಓಡಿಸಿದರೆ ಮುಖ ತಿರುಗಿಸಿ, "ನಾನೇ!" ಅನ್ನುತ್ತಿದ್ದ. ಅವನ ಹಟಕ್ಕೆ ಅರ್ಥವಿತ್ತು.

ಒಂದು ಭಾನುವಾರ ರಿಮೋಟ್ ಬಿಚ್ಚಿದೆ. ಗುಂಡಿಯ ಕೆಳಗಿನ ಎರಡು ಕಡೆಗೆ ವೈರು ಬೆಸುಗೆ ಹಾಕಿ, ಮನೆ ಬಾಗಿಲಿಗೆ ಹಾಕುವ ಬೆಲ್ಲಿನ ಸ್ವಿಚ್ಚಿಗೆ ಸೇರಿಸಿ, ಹಲಗೆಯ ಮೇಲೆ ಕೂರಿಸಿದೆ.

"ಲೋ, ಕರೆಂಟ್ ಹೊಡೆದೀತು ಕಣೋ!" ಅಕ್ಕನಿಗೆ ಗಾಬರಿ.

"ಪೆನ್ಸಿಲ್ ಸೆಲ್ಲಕ್ಕಾ, ಏನೂ ಆಗಲ್ಲ."

ಪುಟ್ಟ ಮೊಣಕೈ ಊರಿದ. ರೈಲು ಹೊರಟಿತು. ಮತ್ತೆ ಊರಿದ, ನಿಂತಿತು. ಅವನಿಗೆ ಓಡಿಸುವುದಕ್ಕಿಂತ ನಿಲ್ಲಿಸುವುದೇ ದೊಡ್ಡ ಖುಷಿ! ಊಟ, ಸ್ನಾನ, ನಿದ್ದೆ, ಎಲ್ಲಕ್ಕೂ ಇನ್ನೊಬ್ಬರು ಎತ್ತಿ ಕೂರಿಸಿದಲ್ಲಿ ಕೂರುವ ಹುಡುಗ ಅವನು. ಅವನು 'ನಿಲ್ಲು' ಅಂದರೆ ನಿಲ್ಲುವಂಥದ್ದು ಆ ಮನೆಯಲ್ಲಿ ಅದೊಂದೇ.

ನೀಲ್ ಯಂಗ್ ಬಳಿ ಕಾಸಿತ್ತು, ಕಂಪನಿಯಲ್ಲೇ ಪಾಲು ಕೊಂಡ. ನನಗೆ ಖರ್ಚಾದದ್ದು ಒಂದು ಸಿನಿಮಾ ಟಿಕೀಟಿನ ದುಡ್ಡು. ನಿಮ್ಮ ಮನೆಯಲ್ಲೂ ಬೀದಿಯಲ್ಲೂ ಇಂಥ ಮಗುವಿದ್ದರೆ, ಅಯ್ಯೋ ಪಾಪ ಅನ್ನಬೇಡಿ. ಮೊಣಕೈಯೋ, ಗಲ್ಲವೋ, ಕಾಲ್ಬೆರಳೋ, ಯಾವುದು ಅದರ ಮಾತು ಕೇಳುತ್ತದೆ ಅಂತ ನೋಡಿ. ಗುಂಡಿಯನ್ನು ಅಲ್ಲಿಗೇ ತಂದಿಡಿ.