ಪರೀಕ್ಷೆಯಿಲ್ಲದ ಪ್ರಮಾಣಪತ್ರ

೩೦ ವರ್ಷಗಳ ಮಾಸ್ತರಿಕೆಯಲ್ಲಿ ಪರೀಕ್ಷೆಯಿಲ್ಲದೆ ಒಬ್ಬ ವಿದ್ಯಾರ್ಥಿಯನ್ನೂ ತೇರ್ಗಡೆ ಮಾಡದ ನಾವು, ಹೋದ ತಿಂಗಳು ಪರೀಕ್ಷೆಯಿಲ್ಲದ ಪ್ರಮಾಣಪತ್ರವೊಂದನ್ನು ಹಣ ತೆತ್ತು ತಂದೆವು. ೨೦೦೮ರಲ್ಲಿ ಕೊಂಡ ನಮ್ಮ ಮೋಟಾರುಸೈಕಲ್ಲಿನ ಹೊಗೆಯನ್ನು ಅಳೆಯಬೇಕಾದವನು, ಅಳೆಯುವ ನಳಿಗೆಯನ್ನು ಸೈಲೆನ್ಸರಿನೊಳಗೆ ಇಡದೆಯೇ ಕಾಗದವನ್ನು ಕೈಗಿತ್ತನು. ಬಂಕಾಪುರಕ್ಕೆ ಮರಳುವಾಗ ಹಿಂದೆ ಕುಳಿತಿದ್ದ ಮೊಮ್ಮಗನು, "ಅಜ್ಜಾ, ನಮ್ಮ ಗಾಡಿ ಪರೀಕ್ಷಾ ಬರೀದನ ಪಾಸಾತಲ್ಲ!" ಎಂದನು. ನಮಗೆ ಉತ್ತರ ಹೊಳೆಯಲಿಲ್ಲ.

ಅನ್ನಂಭಟ್ಟನ ತರ್ಕಸಂಗ್ರಹವನ್ನು ಓದಿದವರಿಗೆ ಹೊಗೆಯ ವಿಚಾರವು ಹೊಸದಲ್ಲ. ಹೊಗೆಯಿದ್ದಲ್ಲಿ ಬೆಂಕಿಯುಂಟು, ಆದರೆ ಬೆಂಕಿಯಿದ್ದಲ್ಲೆಲ್ಲ ಹೊಗೆಯಿರುವದಿಲ್ಲ. ಕಾದು ಕೆಂಪಾದ ಕಬ್ಬಿಣದ ಗುಂಡೇ ಇದಕ್ಕೆ ಸಾಕ್ಷಿ. ಹೊಗೆಯೇಳಲು ಹಸಿ ಕಟ್ಟಿಗೆಯ ಸಂಬಂಧವೂ ಬೇಕು; ಇದನ್ನೇ ತಾರ್ಕಿಕರು ಉಪಾಧಿಯೆನ್ನುವರು. ಹಾಗಾದರೆ ನಮ್ಮ ಬಂಡಿಯ ಕರಿಹೊಗೆಗೆ ಉಪಾಧಿ ಯಾವದು?

ಮರುದಿನ ಬಂಡಿಯನ್ನು ಬಿಚ್ಚಿದ ಮೆಕ್ಯಾನಿಕನು ಅದನ್ನು ತೋರಿಸಿಕೊಟ್ಟನು. ಒಂದು ಪಾಲು ಪೆಟ್ರೋಲು ಪೂರ್ಣವಾಗಿ ಉರಿಯಬೇಕಾದರೆ ತೂಕದಲ್ಲಿ ಸುಮಾರು ೧೪.೭ ಪಾಲು ಗಾಳಿ ಬೇಕು. ದಾರಿಯ ಧೂಳಿನಿಂದ ಏರ್ ಫಿಲ್ಟರು ಕಟ್ಟಿಹೋಗಿತ್ತು. ಸ್ಪಾರ್ಕ್ ಪ್ಲಗ್ಗಿನ ತುದಿಗೆ ಮಸಿ ಹಿಡಿದಿತ್ತು. ಗಾಳಿ ಸಾಲದೆ ಅರೆಬರೆಯಾಗಿ ಉರಿದ ಪೆಟ್ರೋಲೇ ಹೊಗೆಯಾಗಿ ಹೊರಬೀಳುತ್ತಿದ್ದಿತು. ಅವೆರಡನ್ನೂ ಬದಲಿಸಿ ಕಾರ್ಬ್ಯುರೇಟರನ್ನು ಹದಗೊಳಿಸಿದ ಬಳಿಕ, ಲೀಟರಿಗೆ ೪೧ ಕಿಲೋಮೀಟರು ಓಡುತ್ತಿದ್ದ ಬಂಡಿಯು ೪೯ ಓಡಹತ್ತಿತು. ಇಷ್ಟು ದಿನ ನಾವು ಹೊಗೆಯೆಂದು ಬಿಟ್ಟುದು ನಮ್ಮ ಹಣವನ್ನೇ.

ಆದರೆ ಕಣ್ಣಿಗೆ ಹೊಗೆ ಕಾಣದ ಮಾತ್ರಕ್ಕೆ ದೋಷವು ಹೋಯಿತೆನ್ನಲಾಗದು. ಪೆಟ್ರೋಲು ಅರೆಯಾಗಿ ಉರಿದಾಗ ಹುಟ್ಟುವ ಕಾರ್ಬನ್ ಮೊನಾಕ್ಸೈಡಿಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ; ಅದು ರಕ್ತವನ್ನು ಸೇರಿ, ರಕ್ತವು ಪ್ರಾಣವಾಯುವನ್ನು ಒಯ್ಯದಂತೆ ಮಾಡುವದು. ಇಲ್ಲಿ ಪ್ರತ್ಯಕ್ಷವೂ ಸಾಲದು, ಅನುಮಾನವೂ ಸಾಲದು. ಯಂತ್ರದಿಂದ ಅಳೆದೇ ತಿಳಿಯಬೇಕು. ಅಳೆಯದೆ ಕೊಟ್ಟ ಕಾಗದವು ಅಪಾಯಕರವಾಗುವದು ಈ ಕಾರಣದಿಂದಲೇ.

ಸರಕಾರವು ತನ್ನ ಪಾಲಿನ ಕೆಲಸವನ್ನು ಮಾಡದೆ ಇಲ್ಲ. ೨೦೦೦ದಲ್ಲಿ ದೇಶದ ಪೆಟ್ರೋಲಿನಿಂದ ಸೀಸವು ಹೋಯಿತು. ೨೦೨೦ರ ಎಪ್ರಿಲ್ ೧ರಿಂದ ಜಾರಿಗೆ ಬಂದ ಭಾರತ್ ಸ್ಟೇಜ್ ೬ ನಿಯಮದಿಂದ ಗಂಧಕದ ಮಿತಿಯು ಹತ್ತು ಲಕ್ಷ ಪಾಲಿಗೆ ೫೦ರಿಂದ ೧೦ಕ್ಕೆ ಇಳಿಯಿತು. ಈಗಿನ ಹೊಸ ಬಂಡಿಗಳಲ್ಲಿ ಪೆಟ್ರೋಲನ್ನು ಅಳೆದು ಹಾಕುವ ಕೆಲಸವನ್ನು ಗಣಕವೇ ಮಾಡುವದು. ನಮ್ಮಂಥ ಹಳೆಯ ಬಂಡಿಗಾದರೋ ಯಜಮಾನನ ಎಚ್ಚರವೇ ಗಣಕ.

ಮೊದಲಿನ ಕಾಗದವನ್ನು ಹರಿದು, ಬೇರೊಂದು ಕೇಂದ್ರಕ್ಕೆ ಹೋದೆವು. ಅಲ್ಲಿ ನಳಿಗೆಯನ್ನಿಟ್ಟು ಅಳೆದಾಗ ಕಾರ್ಬನ್ ಮೊನಾಕ್ಸೈಡು ಶೇಕಡಾ ೧.೮ ಬಂದಿತು, ನಮ್ಮ ಬಂಡಿಗಿರುವ ಮಿತಿಯು ೩.೫. ಕೋಟೆಯ ನವಿಲುಗಳಿಗೂ ಮೊಮ್ಮಗನಿಗೂ ಉಸಿರಾಡಲು ಇರುವದು ಒಂದೇ ಗಾಳಿ. ಅಂಕಿಯನ್ನು ಓದಿ ಅವನು, "ಈಗ ಖರೇನ ಪಾಸಾತು" ಎಂದನು. ಈ ಸಲ ತಲೆಯೆತ್ತಿ ಹೂಂಗುಟ್ಟಿದೆವು.